ಹೈದರನ ಅಗ್ನಿಬಾಣ

ದಾವಣಗೆರೆಯನ್ನು ವ್ಯಾಪಾರದ ಪೇಟೆಯಾಗಿ ಬೆಳೆಸಿದವನು ಅಪೋಜಿರಾಮನೆಂಬ ಮರಾಠ ಸರದಾರ. ಆ ಊರನ್ನು ಅವನಿಗೆ ಜಹಗೀರಿಯಾಗಿ ಕೊಟ್ಟವನು ಹೈದರಾಲಿ. ನೆರೆಯ ಹರಿಹರದ ಕೋಟೆಯು 1763ರಲ್ಲಿ ಹೈದರನ ವಶವಾಯಿತು. ಹೀಗೆ ಈ ಸೀಮೆಗೆ ಅವನು ದಾತನೂ ಹೌದು, ದಂಡೆತ್ತಿ ಬಂದವನೂ ಹೌದು.

ಹೈದರನು ಹುಟ್ಟಿದ್ದು ಕೋಲಾರದ ಬೂದಿಕೋಟೆಯಲ್ಲಿ, 1720ರ ಸುಮಾರಿಗೆ. ತಂದೆ ಫತೇ ಮಹಮ್ಮದನು ಆರ್ಕಾಟಿನ ನವಾಬನಲ್ಲಿ ಐವತ್ತು ಮಂದಿ ಬಾಣಗಾರರ ನಾಯಕನಾಗಿದ್ದವನು. ಬಾಣವೆಂದರೆ ಬಿಲ್ಲಿನದಲ್ಲ, ಇಂದು ನಾವು ರಾಕೆಟ್ ಎನ್ನುವುದು. ತಂದೆಯನ್ನು ಎಳವೆಯಲ್ಲಿಯೇ ಕಳೆದುಕೊಂಡ ಹುಡುಗ ಮೈಸೂರಿನ ಸೈನ್ಯವನ್ನು ಸೇರಿ, 1761ರ ವೇಳೆಗೆ ರಾಜ್ಯದ ಸೂತ್ರವನ್ನೇ ಕೈಗೆ ತೆಗೆದುಕೊಂಡನು.

ಬಿದಿರಿನ ಕೊಳವೆಯಲ್ಲಿ ಮದ್ದನ್ನು ಬಿಗಿದು ತುಂಬಿದರೆ ಕೊಳವೆಯೇ ಸಿಡಿಯುವುದು. ಸಡಿಲವಾಗಿ ತುಂಬಿದರೆ ಬಾಣ ದೂರ ಸಾಗದು. ಮೈಸೂರಿನವರು ಕಬ್ಬಿಣದ ಕೊಳವೆಯನ್ನು ಬಳಸಿ ಈ ತೊಡಕನ್ನು ಬಿಡಿಸಿದರು. ಬಾಣವು ಎರಡು ಕಿಲೋಮೀಟರುಗಳವರೆಗೂ ಹಾರಿತು. ಗುರಿ ಮಾತ್ರ ಹಿಡಿತಕ್ಕೆ ಸಿಕ್ಕಲಿಲ್ಲ. ಕೈಯಿಂದಲೇ ತುಂಬುವ ಮದ್ದು ಒಂದರಲ್ಲಿದ್ದಂತೆ ಇನ್ನೊಂದರಲ್ಲಿರದು. ಉರಿಯುತ್ತ ಹೋದಂತೆ ಭಾರ ಕರಗಿ ಸಮತೋಲವೂ ಜಾರುವುದು. ಅದಕ್ಕಾಗಿ ಬಿದಿರ ಗಳುವನ್ನೋ ಕತ್ತಿಯ ಅಲಗನ್ನೋ ಬಾಲವಾಗಿ ಕಟ್ಟಿದರು. ಕೊಳವೆಯ ಅಡ್ಡಳತೆಯನ್ನೂ ಗುರಿಯ ದೂರವನ್ನೂ ಲೆಕ್ಕಹಾಕಿ ಓರೆ ಹಿಡಿಯುವಂತೆ ಬಾಣಗಾರರನ್ನು ಪಳಗಿಸಿದರು.

ಉಳಿದ ಕೊರತೆಯನ್ನು ಹೈದರನು ಸಂಖ್ಯೆಯಿಂದ ತುಂಬಿದನು. ಓದುಬರಹ ಬಾರದ ಈ ದಳಪತಿಯ ಜಾಣ್ಮೆ ನನಗೆ ಇಲ್ಲಿಯೇ ಹೆಚ್ಚಾಗಿ ಕಾಣುತ್ತದೆ. ಅವನ ಬಾಣದ ಪಡೆ 1200 ಮಂದಿಯದು. ಒಂಟಿ ಬಾಣ ಗುರಿ ತಪ್ಪೀತು, ಸುರಿಮಳೆ ತಪ್ಪದು. ಹರಿಹರಕ್ಕೆ ಮತ್ತೆ ಮತ್ತೆ ಬರುತ್ತಿದ್ದ ಮರಾಠರ ಬಲವು ಕುದುರೆಗಳಲ್ಲಿತ್ತು. ಕುದುರೆಯೋ ಸದ್ದಿಗೂ ಹೊಗೆಗೂ ಬೆದರುವ ಪ್ರಾಣಿ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಮದ್ದಿನ ಬಂಡಿಗಳು ಸಿಡಿದು ಇಂಗ್ಲಿಷರು ಸೋತರು. ಸಿಡಿಸಿದ್ದು ಬಾಣವೋ ಫಿರಂಗಿಯ ಗುಂಡೋ ಎಂಬ ವಾದ ಇನ್ನೂ ಉಂಟು.

ಬೆನ್ನಿನ ಹುಣ್ಣಿನಿಂದ ನರಳಿದ ಹೈದರನು 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ತೀರಿಕೊಂಡನು. ಮಗ ಟಿಪ್ಪುವು ಬಾಣದ ಪಡೆಯನ್ನು ಇನ್ನೂ ಹಿಗ್ಗಿಸಿದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಣಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ಕಾಂಗ್ರೀವನು ಅವನ್ನು ತಿದ್ದಿದನು.

ಹರಿಹರವನ್ನು ಗೆದ್ದ ವರ್ಷವೇ ಹೈದರನು ಬಿದನೂರನ್ನೂ ಗೆದ್ದಿದ್ದನು. ಆ ಊರೇ ಇಂದಿನ ನಗರ. ಅಲ್ಲಿಯ ಪಾಳುಬಾವಿಯೊಂದನ್ನು 2018ರಲ್ಲಿ ಅಗೆದಾಗ ಸಾವಿರಕ್ಕೂ ಹೆಚ್ಚು ಬಾಣಗಳು ಕೆಸರಿನಿಂದ ಮೇಲೆ ಬಂದವು. ಅವು ಒಂದೇ ಅಳತೆಯವಾಗಿರಲಿಲ್ಲ. ತುಕ್ಕು ಹಿಡಿದ ಕೊಳವೆಗಳಲ್ಲಿ ಮದ್ದು ಇನ್ನೂ ಉಳಿದಿತ್ತು.