ಗಣಿತಸಾರಸಂಗ್ರಹಕಾರ ಶ್ರೀ ಮಹಾವೀರಾಚಾರ್ಯರು

ಸಿದ್ಧಾಂತ, ಕಾವ್ಯ, ವ್ಯಾಕರಣಗಳಿಂದ ಕೀರ್ತಿವಂತರಾದ ಜೈನಾಚಾರ್ಯರು ಅನೇಕರು. ಗಣಿತದಿಂದ ಅಜರಾಮರರಾದವರು ಮಹಾವೀರಾಚಾರ್ಯರು. ಕ್ರಿ.ಶ. 814ರಿಂದ 878ರವರೆಗೆ ರಾಜ್ಯವಾಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಅವರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. ಗ್ರಂಥಾರಂಭದಲ್ಲಿ ಭಗವಾನ್ ಮಹಾವೀರರಿಗೆ ವಂದಿಸಿ ನೃಪತುಂಗನ ಆಳ್ವಿಕೆಯನ್ನು ಕೊಂಡಾಡಿದ ಆಚಾರ್ಯರು ತಮ್ಮ ತಂದೆತಾಯಿಗಳ ಹೆಸರನ್ನಾಗಲಿ ಹುಟ್ಟಿದ ಊರನ್ನಾಗಲಿ ಹೇಳಿಕೊಳ್ಳಲಿಲ್ಲ. ಅವರ ಗ್ರಂಥವೇ ಅವರ ಚರಿತ್ರೆಯಾಗಿದೆ.

ಒಂಬತ್ತು ಅಧ್ಯಾಯಗಳ ಈ ಕೃತಿಯಲ್ಲಿ ಭಿನ್ನರಾಶಿ, ತ್ರೈರಾಶಿ, ಬಡ್ಡಿ, ಕ್ಷೇತ್ರಫಲ, ನೆರಳಿನ ಅಳತೆ ಮೊದಲಾದವು ಅಡಕವಾಗಿವೆ. ವ್ಯಾಪಾರ, ಪಾಕಶಾಸ್ತ್ರ, ವೈದ್ಯ, ಸಂಗೀತ, ವಾಸ್ತುವಿದ್ಯೆ, ಗ್ರಹಗತಿ ಇವೆಲ್ಲಕ್ಕೂ ಗಣಿತವೇ ಆಧಾರವೆಂದು ಆಚಾರ್ಯರು ಸಾರಿದ್ದಾರೆ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರುಗಳನ್ನು ಕೊಟ್ಟಿದ್ದಾರೆ. ಋಣರಾಶಿಗೆ ವರ್ಗಮೂಲವಿಲ್ಲವೆಂದು ತಿಳಿಸಿದ್ದಾರೆ.

ಶಿಷ್ಯರಿಗೆ ಗುಣಾಕಾರವನ್ನು ಕಲಿಸಲು ಆಚಾರ್ಯರು ಆಯ್ದ ಲೆಕ್ಕಗಳು ಅವರ ಪ್ರತಿಭೆಗೆ ಕನ್ನಡಿಯಾಗಿವೆ. 142857143ನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ. ಇಂತಹ ಗುಣಲಬ್ಧಗಳನ್ನು ಅವರು ಕಂಠಾಭರಣಗಳಿಗೆ ಹೋಲಿಸಿದ್ದಾರೆ. ಅವುಗಳಲ್ಲಿ ಒಂದು ಸಂಖ್ಯೆಯು ವಿಶೇಷ ಗಮನಕ್ಕೆ ಅರ್ಹವಾಗಿದೆ. 27994681ನ್ನು 441ರಿಂದ ಗುಣಿಸಲು 12345654321 ದೊರೆಯುತ್ತದೆ. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ಯಾವ ತುದಿಯಿಂದ ಓದಿದರೂ ಒಂದೇ.

ಇದರ ಮರ್ಮವು ಹೀಗಿದೆ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದುದರಿಂದ ಈ ಹಾರವು ಆರು ಒಂದುಗಳ ಸಂಖ್ಯೆಯ ವರ್ಗವೇ ಆಗಿದೆ. 111111ನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಒಂದೊಂದು ಸ್ಥಾನ ಸರಿದು ನಿಲ್ಲುತ್ತವೆ. ಕಂಬಸಾಲುಗಳ ಮೊತ್ತವು 1ರಿಂದ 6ಕ್ಕೆ ಏರಿ 1ಕ್ಕೆ ಇಳಿಯುತ್ತದೆ, ಎಲ್ಲಿಯೂ ದಶಕವಿಲ್ಲ. ಒಂಬತ್ತು ಒಂದುಗಳವರೆಗೆ ಈ ಕ್ರಮವು ನಡೆಯುತ್ತದೆ. ಹತ್ತಾದಾಗ ದಶಕ ಬಂದು ಹಾರ ಕಡಿಯುತ್ತದೆ. ಈ ಸಂಖ್ಯೆಯ ಅಂಕಿಗಳ ಮೊತ್ತವಾದ 36 ಸಹ 6ರ ವರ್ಗವೇ. 3, 7, 11, 13, 37 ಇವೈದರ ವರ್ಗಗಳ ಗುಣಲಬ್ಧವಾದುದರಿಂದ ಇದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು 243.

ಇಂತಹ ಲೆಕ್ಕದಲ್ಲಿ ಶಿಷ್ಯನು ಒಂದು ಅಂಕಿ ತಪ್ಪಿದರೂ ಹಾರದ ಮಣಿ ಕೆಟ್ಟು ತಪ್ಪು ತಾನಾಗಿ ಕಾಣುತ್ತದೆ. ಗುರುವಿನ ಗದರಿಕೆಯಿಲ್ಲದೆ ಶಿಷ್ಯನು ತನ್ನನ್ನು ತಾನೇ ತಿದ್ದಿಕೊಳ್ಳಬಹುದು. ಸೌಂದರ್ಯವೂ ಸತ್ಯಶೋಧನೆಯೂ ಇಲ್ಲಿ ಒಂದಾಗಿವೆ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 2000ರಲ್ಲಿ ಹೊಂಬುಜದಿಂದ ಕನ್ನಡ ಅನುವಾದವು ಹೊರಬಂದಿತು.

ನೃಪತುಂಗನ ರಾಜಧಾನಿ ಮಾನ್ಯಖೇಟವನ್ನು 972ರಲ್ಲಿ ಪರಮಾರ ಸೀಯಕನು ಸೂರೆಗೊಂಡನು. ಅರಮನೆಯ ರತ್ನಹಾರಗಳು ಪರರ ಪಾಲಾದವು. ಆಚಾರ್ಯರು ಪೋಣಿಸಿದ ಅಂಕಿಗಳ ಹಾರವು ಮಾತ್ರ ಒಂದು ಮಣಿಯೂ ಕಳೆಯದೆ ಉಳಿದಿದೆ. ಸರಿಯಾಗಿ ಲೆಕ್ಕ ಮಾಡುವ ಬಾಲಕ ಬಾಲಿಕೆಯರೆಲ್ಲರೂ ಅದನ್ನು ಧರಿಸಲು ಅರ್ಹರು.