ಡೇನಿಯಲ್ ಎಲ್ಮರ್ ಸಾಲ್ಮನ್

ಡೇನಿಯಲ್ ಎಲ್ಮರ್ ಸಾಲ್ಮನ್ (ಜುಲೈ 23, 1850 – ಆಗಸ್ಟ್ 30, 1914) ಅಮೆರಿಕದ ಪ್ರಸಿದ್ಧ ಪಶುವೈದ್ಯ ವಿಜ್ಞಾನಿ. ಆ ದೇಶದಲ್ಲಿ ಸರ್ಕಾರಿ ಮಾಂಸ ತಪಾಸಣೆಗೆ ಅಡಿಪಾಯ ಹಾಕಿದವರಲ್ಲಿ ಇವರು ಪ್ರಮುಖರು. ಆಹಾರವನ್ನು ವಿಷಮಯವಾಗಿಸುವ ‘ಸಾಲ್ಮೊನೆಲ್ಲಾ’ ಎಂಬ ಬ್ಯಾಕ್ಟೀರಿಯಾ ಕುಲಕ್ಕೆ ಇವರ ಹೆಸರನ್ನೇ ಇಡಲಾಗಿದೆ. ಸಾಲ್ಮನ್ ಮೀನಿಗೂ ಈ ಹೆಸರಿಗೂ ಸಂಬಂಧವಿಲ್ಲ.

ಜನನ ಮತ್ತು ಶಿಕ್ಷಣ

ಸಾಲ್ಮನ್ ಜನಿಸಿದ್ದು ನ್ಯೂಜೆರ್ಸಿ ರಾಜ್ಯದ ಮೌಂಟ್ ಆಲಿವ್‌ನಲ್ಲಿ. ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಇವರು ಬಂಧುಗಳ ಆಶ್ರಯದಲ್ಲಿ ಬೆಳೆದರು. 1868ರಲ್ಲಿ ಆರಂಭವಾದ ಕಾರ್ನೆಲ್ ವಿಶ್ವವಿದ್ಯಾಲಯದ ಮೊದಲ ವಿದ್ಯಾರ್ಥಿಗಳ ಸಾಲಿಗೆ ಸೇರಿ, ಜೇಮ್ಸ್ ಲಾ ಅವರಲ್ಲಿ ಪಶುವೈದ್ಯವನ್ನು ಕಲಿತರು. 1872ರಲ್ಲಿ ಪದವಿ ಪಡೆದರು. 1876ರಲ್ಲಿ ಅದೇ ವಿಶ್ವವಿದ್ಯಾಲಯವು ಇವರಿಗೆ ಪಶುವೈದ್ಯ ಡಾಕ್ಟರ್ ಪದವಿಯನ್ನು ನೀಡಿತು. ಅಮೆರಿಕದ ವಿಶ್ವವಿದ್ಯಾಲಯವೊಂದು ನೀಡಿದ ಇಂತಹ ಮೊದಲ ಪದವಿ ಇದು.

ಪಶು ಉದ್ಯಮ ಇಲಾಖೆ

1884ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಅಡಿಯಲ್ಲಿ ಪಶು ಉದ್ಯಮ ವಿಭಾಗ ಸ್ಥಾಪನೆಯಾದಾಗ ಸಾಲ್ಮನ್ ಅದರ ಮೊದಲ ಮುಖ್ಯಸ್ಥರಾದರು. 1905ರವರೆಗೆ ಆ ಹೊಣೆಯನ್ನು ನಿರ್ವಹಿಸಿದರು. ದನಗಳ ಶ್ವಾಸಕೋಶಕ್ಕೆ ತಗಲುತ್ತಿದ್ದ ಅಂಟುರೋಗವನ್ನು 1892ರ ವೇಳೆಗೆ ದೇಶದಿಂದ ನಿರ್ಮೂಲಗೊಳಿಸಿದ್ದು ಈ ವಿಭಾಗದ ದೊಡ್ಡ ಸಾಧನೆ. ಟೆಕ್ಸಾಸ್ ಜ್ವರವು ಉಣ್ಣಿಗಳ ಮೂಲಕ ಹರಡುತ್ತದೆ ಎಂಬುದನ್ನು ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಇಲ್ಲಿಯೇ ಸಿದ್ಧಪಡಿಸಿದರು. ಕುರಿಗಳ ಕಜ್ಜಿರೋಗದ ನಿಯಂತ್ರಣಕ್ಕೂ ವಿಭಾಗವು ಶ್ರಮಿಸಿತು.

ಮಾಂಸ ತಪಾಸಣೆ

ರೋಗದ ಭೀತಿಯಿಂದ ಯುರೋಪಿನ ಹಲವು ದೇಶಗಳು ಅಮೆರಿಕದ ಹಂದಿಮಾಂಸವನ್ನು ನಿಷೇಧಿಸಿದ್ದವು. ಇದರ ಪರಿಣಾಮವಾಗಿ 1890ರಲ್ಲಿ ರಫ್ತು ಮಾಂಸದ ತಪಾಸಣೆಗೆ ಕಾಯಿದೆ ಬಂದಿತು. 1891ರ ಕಾಯಿದೆಯು ರಾಜ್ಯಗಳ ನಡುವಿನ ವ್ಯಾಪಾರಕ್ಕಾಗಿ ಕಡಿಯುವ ದನ, ಕುರಿ, ಹಂದಿಗಳನ್ನು ವಧೆಗೆ ಮುನ್ನ ಪರೀಕ್ಷಿಸಬೇಕೆಂದು ವಿಧಿಸಿತು. ಆದರೆ ಕಸಾಯಿಖಾನೆಗಳ ನೈರ್ಮಲ್ಯವನ್ನು ಕಡ್ಡಾಯಗೊಳಿಸುವ ಬಲವಾದ ಕಾನೂನು ಬಂದದ್ದು ಸಾಲ್ಮನ್ ಹುದ್ದೆಯನ್ನು ತೊರೆದ ಮೇಲೆ, 1906ರಲ್ಲಿ.

ಸಾಲ್ಮೊನೆಲ್ಲಾ

1885ರಲ್ಲಿ ಹಂದಿ ಕಾಲರಾ ರೋಗದ ಸಂಶೋಧನೆಯಲ್ಲಿ ತೊಡಗಿದ್ದ ಸ್ಮಿತ್ ಹೊಸ ಬ್ಯಾಕ್ಟೀರಿಯಾವೊಂದನ್ನು ಬೇರ್ಪಡಿಸಿದರು. ಮುಖ್ಯಸ್ಥರಾಗಿದ್ದ ಸಾಲ್ಮನ್‌ಗೆ ಅದರ ಕೀರ್ತಿ ಸಂದಿತು. 1900ರಲ್ಲಿ ಲಿನ್ಯೇರ್ ಎಂಬ ಫ್ರೆಂಚ್ ವಿಜ್ಞಾನಿ ಈ ಕುಲಕ್ಕೆ ಸಾಲ್ಮೊನೆಲ್ಲಾ ಎಂದು ನಾಮಕರಣ ಮಾಡಿದರು. ಹಂದಿ ಕಾಲರಾಕ್ಕೆ ನಿಜವಾದ ಕಾರಣ ವೈರಸ್ ಎಂಬುದು ಅನಂತರ ತಿಳಿಯಿತು. ಹೀಗಿದ್ದರೂ, ಕಾಯಿಸಿ ಕೊಂದ ಬ್ಯಾಕ್ಟೀರಿಯಾಗಳಿಂದ ಪ್ರಾಣಿಗಳಲ್ಲಿ ರೋಗನಿರೋಧಕ ಶಕ್ತಿ ಉಂಟಾಗಬಲ್ಲದೆಂದು ಇಬ್ಬರೂ 1886ರಲ್ಲಿ ತೋರಿಸಿದ್ದು ಲಸಿಕೆ ವಿಜ್ಞಾನಕ್ಕೆ ದೊರೆತ ಮಹತ್ವದ ಕೊಡುಗೆಯಾಗಿದೆ.

ಈ ಜೀವಿಗಳು ಆರೋಗ್ಯವಂತವಾಗಿ ಕಾಣುವ ಕುರಿಯ ಕರುಳಿನಲ್ಲಿಯೂ ಇರಬಹುದು. ಚರ್ಮ ಸುಲಿಯುವಾಗ ಉಣ್ಣೆಗೆ ಅಂಟಿದ ಸಗಣಿಯಿಂದ, ಕರುಳು ಹರಿದಾಗ ಅದರೊಳಗಿನ ಮಲದಿಂದ, ಕೆಲಸಗಾರರ ಕೈ ಮತ್ತು ಚಾಕುಗಳಿಂದ ಇವು ಮಾಂಸವನ್ನು ಸೇರುತ್ತವೆ. ಕಣ್ಣಿನಿಂದ ನೋಡುವ ತಪಾಸಣೆಗೆ ಇವು ಸಿಗುವುದಿಲ್ಲ. ಆದುದರಿಂದಲೇ ಶುಚಿಯಾದ ವಧೆ, ಶೀತಲೀಕರಣ ಹಾಗೂ ಪೂರ್ಣವಾಗಿ ಬೇಯಿಸುವಿಕೆ ಅವಶ್ಯಕವಾಗಿವೆ.

ಕೊನೆಯ ದಿನಗಳು

ಸಾಲ್ಮನ್ 1906ರಲ್ಲಿ ಉರುಗ್ವೆ ದೇಶದ ಮಾಂಟೆವಿಡಿಯೊಗೆ ತೆರಳಿ, ಅಲ್ಲಿನ ಪಶುವೈದ್ಯ ಶಾಲೆಯನ್ನು ಕೆಲವು ವರ್ಷ ಮುನ್ನಡೆಸಿದರು. ಸ್ವದೇಶಕ್ಕೆ ಮರಳಿದ ಬಳಿಕ ಮೊಂಟಾನಾ ರಾಜ್ಯದ ಬ್ಯೂಟ್‌ನಲ್ಲಿ ಹಂದಿ ಕಾಲರಾ ನಿರೋಧಕ ಸೀರಮ್ ತಯಾರಿಕೆಯಲ್ಲಿ ತೊಡಗಿದ್ದಾಗ ನ್ಯುಮೋನಿಯಾದಿಂದ ನಿಧನರಾದರು.