ಗ್ಯಾಸ್ ಹೊಸದು, ರಸಾಯನ ಹಳೆಯದು: ಪೌಲ್ ಸಬಾಟಿಯೆ ಮತ್ತು ಮೀಥೇನ್ ಲೆಕ್ಕ

ಹಸಿರು ಹೈಡ್ರೋಜನ್‌ನಿಂದ ಮೀಥೇನ್ ತಯಾರಿಸಿ ಈಗಿರುವ ಗ್ಯಾಸ್ ಪೈಪುಗಳಲ್ಲೇ ಹರಿಸಬಹುದು ಅಂತ ಕಂಪನಿಗಳು ಹೇಳುವಾಗ, ಅದೇನೋ ಹೊಚ್ಚಹೊಸ ತಂತ್ರಜ್ಞಾನ ಅನ್ನಿಸುತ್ತೆ. ಆದರೆ ಅದಕ್ಕೆ 120 ವರ್ಷ ದಾಟಿದೆ.

ಪೌಲ್ ಸಬಾಟಿಯೆ ಹುಟ್ಟಿದ್ದು 1854ರಲ್ಲಿ, ದಕ್ಷಿಣ ಫ್ರಾನ್ಸಿನ ಕಾರ್ಕಸೋನ್‌ನಲ್ಲಿ. ಪ್ಯಾರಿಸ್‌ನಲ್ಲಿ ಬರ್ತೆಲೋ ಅವರ ಶಿಷ್ಯರಾಗಿ 1880ರಲ್ಲಿ ಡಾಕ್ಟರೇಟ್ ಪಡೆದರು. ಆಗ ಫ್ರಾನ್ಸಿನಲ್ಲಿ ವಿಜ್ಞಾನ ಅಂದರೆ ಪ್ಯಾರಿಸ್. ಸಬಾಟಿಯೆ ಮಾತ್ರ ತುಲೂಸ್‌ಗೆ ಬಂದು, 1884ರಲ್ಲಿ ಪ್ರೊಫೆಸರ್ ಆಗಿ, ಅಲ್ಲೇ ಉಳಿದರು. 1907ರಲ್ಲಿ ಸಾರ್ಬಾನ್ ಕರೆದರೂ ಹೋಗಲಿಲ್ಲ.

1897ರಲ್ಲಿ ಅವರು, ಪಾದ್ರಿಯೂ ಆಗಿದ್ದ ಸಹೋದ್ಯೋಗಿ ಸಾಂದ್ರಾಂಸ್ ಜೊತೆ, ನಿಕಲ್ ಪುಡಿಯ ಮೇಲೆ ಎಥಿಲೀನ್ ಮತ್ತು ಹೈಡ್ರೋಜನ್ ಹರಿಸಿದರು. ಎರಡೂ ಕೂಡಿ ಈಥೇನ್ ಆಯ್ತು. ಸಬಾಟಿಯೆ ವಿವರಣೆ ಸರಳ: ನಿಕಲ್ ಹೈಡ್ರೋಜನ್ನನ್ನು ತಾತ್ಕಾಲಿಕವಾಗಿ ಹಿಡಿದು ದಾಟಿಸುತ್ತೆ, ತಾನು ಖರ್ಚಾಗಲ್ಲ. ಎಣ್ಣೆಯನ್ನು ಗಟ್ಟಿ ಮಾಡಿ ವನಸ್ಪತಿ ತಯಾರಿಸುವ ಉದ್ಯಮ ಬೆಳೆದದ್ದು ಇದೇ ದಾರಿಯಲ್ಲಿ. 1902ರಲ್ಲಿ ಇಬ್ಬರೂ ಕಾರ್ಬನ್ ಡೈಆಕ್ಸೈಡ್‌ಗೆ ಹೈಡ್ರೋಜನ್ ಬೆರೆಸಿ ಮೀಥೇನ್ ಮತ್ತು ನೀರು ಪಡೆದರು.

1912ರ ನೊಬೆಲ್ ಸಬಾಟಿಯೆ ಮತ್ತು ಗ್ರಿಗ್ನಾರ್‌ಗೆ ಹಂಚಿಕೆಯಾಯ್ತು. ಸಾಂದ್ರಾಂಸ್‌ಗೆ ಸಿಗಲಿಲ್ಲ. ಮರುವರ್ಷ ಫ್ರೆಂಚ್ ವಿಜ್ಞಾನ ಅಕಾಡೆಮಿ ಪ್ಯಾರಿಸ್ ಆಚೆಯವರಿಗೂ ಸದಸ್ಯ ಸ್ಥಾನ ತೆರೆದಾಗ, ಮೊದಲು ಆಯ್ಕೆಯಾದವರು ಸಬಾಟಿಯೆ. 1941ರಲ್ಲಿ ತುಲೂಸ್‌ನಲ್ಲೇ ತೀರಿಕೊಂಡರು.

ಜರ್ಮನಿಯ ವೆರ್ಲ್ಟೆಯಲ್ಲಿ 2013ರಲ್ಲಿ ಆಡಿ ಕಂಪನಿ ಶುರು ಮಾಡಿದ ಘಟಕ ನಡೆದದ್ದು ಅವರ ಕ್ರಿಯೆಯಿಂದಲೇ: ನವೀಕರಿಸಬಹುದಾದ ವಿದ್ಯುತ್ತಿನಿಂದ ಹೈಡ್ರೋಜನ್, ಬಯೋಗ್ಯಾಸ್ ಘಟಕದಿಂದ ಕಾರ್ಬನ್ ಡೈಆಕ್ಸೈಡ್. ಬಾಹ್ಯಾಕಾಶ ನಿಲ್ದಾಣದಲ್ಲಿ 2010ರಲ್ಲಿ ಅಳವಡಿಸಿದ ಯಂತ್ರದಲ್ಲಿ ಲೆಕ್ಕ ಉಲ್ಟಾ: ನೀರು ಉಳಿಸಿಕೊಂಡು, ಮೀಥೇನ್ ಹೊರಗೆ ಬಿಟ್ಟರು.

ಆದರೆ ಇಲ್ಲಿ ಪುಕ್ಕಟೆ ಏನೂ ಇಲ್ಲ. ಒಂದು ಮೀಥೇನ್ ಅಣುವಿಗೆ ನಾಲ್ಕು ಹೈಡ್ರೋಜನ್ ಅಣು ಬೇಕು, ಹೈಡ್ರೋಜನ್‌ನಲ್ಲಿದ್ದ ಶಕ್ತಿಯ ಸುಮಾರು 17% ಈ ಹಂತದಲ್ಲೇ ಶಾಖವಾಗಿ ಹೋಗುತ್ತೆ. ನೀರನ್ನು ಒಡೆಯುವಾಗಿನ ನಷ್ಟ ಬೇರೆ. ಪೈಪಿನಿಂದ ಸೋರಿದರೆ, 20 ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತೆ. ಕಲ್ಲಿದ್ದಲು ಸ್ಥಾವರದ ಚಿಮಣಿಯಿಂದ ಹಿಡಿದ ಕಾರ್ಬನ್ ಕೂಡ, ಆ ಮೀಥೇನ್ ಉರಿದಾಗ ಕೊನೆಗೆ ಗಾಳಿಗೇ ಸೇರುತ್ತೆ.

ಹೈಡ್ರೋಜನ್ ಎಲ್ಲಿಂದ ಬಂತು, ಕಾರ್ಬನ್ ಯಾರದು ಅಂತ ನಿಕಲ್ ಕೇಳಲ್ಲ. ಹಸಿರು ಗ್ಯಾಸ್ ಅಂತ ಬೋರ್ಡ್ ಹಾಕುವವರನ್ನು ನಾವು ಕೇಳಬೇಕು.